ಅಮ್ಮನ ಕಣ್ಣಿನ ಪೊರೆ: ಈಗಲೇ ತೆಗೆಸಬೇಕಾ, ಕಾಯಬಹುದಾ?

ಗೊಂದಲಪುರ (ಪ್ರಶ್ನೆ ಕೇಳಿದವರು)
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 71. ಎರಡೂ ಕಣ್ಣಲ್ಲಿ ಪೊರೆ ಇದೆ ಅಂತ ಗೊತ್ತಾಗಿ ಎರಡು ವರ್ಷ ಆಯ್ತು. ಹೋದ ವಾರ ತೋರಿಸಿದಾಗ ಬಲಗಣ್ಣು 6/24, ಎಡಗಣ್ಣು 6/12 ಅಂತ ಚೀಟಿಯಲ್ಲಿ ಬರೆದಿದ್ದಾರೆ. ಒಬ್ಬ ಡಾಕ್ಟ್ರು "ಎರಡೂ ಮಾಡಿಸಿಬಿಡಿ, ಯಾಕೆ ಎಳೀತೀರಿ" ಅಂದ್ರು. ಸಮಾಧಾನ ಆಗದೆ ಇನ್ನೊಬ್ಬರ ಹತ್ರ ಹೋದರೆ "ಅರ್ಜೆಂಟ್ ಏನಿಲ್ಲ, ಅವರಿಗೆ ಕಷ್ಟ ಅನ್ಸಿದಾಗ ಬನ್ನಿ" ಅಂದ್ರು.

ಅಮ್ಮನನ್ನೇ ಕೇಳಿದ್ರೆ "ನನಗೇನಾಗಿದೆ? ಎಲ್ಲ ಕಾಣುತ್ತೆ" ಅಂತ ಒಂದೇ ಮಾತು. ಅದೂ ನಿಜ ಇರಬಹುದು, ಯಾಕಂದ್ರೆ ಆರೇಳು ತಿಂಗಳಿಂದ ಚಾಳೀಸು ಇಲ್ಲದೇ ಪೇಪರ್ ಓದ್ತಿದ್ದಾರೆ! ಕಣ್ಣು ಸುಧಾರಿಸ್ತಿದೆ ಅಂತ ಮನೇಲಿ ನಮಗೆಲ್ಲ ಖುಷಿ. ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ.

ಪೊರೆ ಎಷ್ಟು ಬಲಿತ ಮೇಲೆ ಆಪರೇಷನ್? ಅದಕ್ಕೇನಾದ್ರೂ ಲೆಕ್ಕ ಇದೆಯಾ?

ನಿವೃತ್ತ_ಮೇಷ್ಟ್ರು
ಅವಸರ ಬೇಡ. ಪೊರೆ ಪೂರ್ತಿ ಬಲಿಯಬೇಕು. ನಮ್ಮ ದೊಡ್ಡಪ್ಪನವರಿಗೆ ಕಣ್ಣು ಬೆಳ್ಳಗಾದ ಮೇಲೆಯೇ ವೈದ್ಯರು ಕೈ ಹಾಕಿದ್ದು. ಅದಕ್ಕೂ ಮೊದಲು ಎರಡು ಸಲ ವಾಪಸ್ ಕಳುಹಿಸಿದ್ದರು. ಎಳಸು ಪೊರೆ ತೆಗೆದರೆ ಸರಿಯಾಗಿ ಬರುವುದಿಲ್ಲ ಎಂದು ಅವರೇ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ತರ್ಲೆ_ತಿಮ್ಮ
ಮೇಷ್ಟ್ರೇ, ಅದು ಕಣ್ಣು. ಮರದಲ್ಲಿರೋ ಕಾಯಿ ಅಲ್ಲ, ಹಣ್ಣಾಗಲಿ ಅಂತ ಕಾಯೋಕೆ.

ಕಣ್ಣಳತೆ
ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರ್ ಕೊಡೋದು ನನ್ನ ಕೆಲಸ, ಆಪರೇಷನ್ ಮಾಡೋ ಡಾಕ್ಟರ್ ಅಲ್ಲ. ಅದನ್ನ ಮೊದಲೇ ಹೇಳ್ಬಿಡ್ತೀನಿ.

ಮೇಷ್ಟ್ರು ಹೇಳಿದ್ದು ಅವರ ದೊಡ್ಡಪ್ಪನ ಕಾಲಕ್ಕೆ ಸರಿ. ಪೊರೆ ಅಂದ್ರೆ ಕಣ್ಣೊಳಗಿನ ಲೆನ್ಸೇ ಮಸಕಾಗೋದು. ಆಗ ಕಣ್ಣಲ್ಲಿ ದೊಡ್ಡ ಗಾಯ ಮಾಡಿ ಆ ಲೆನ್ಸನ್ನ ಇಡಿಯಾಗಿ ಹೊರಗೆ ತೆಗೀತಿದ್ರು, ಹೊಲಿಗೆ ಹಾಕ್ತಿದ್ರು. ತೆಗೆದ ಜಾಗ ಖಾಲಿ. ಆಮೇಲೆ ಜೀವನಪೂರ್ತಿ ಭೂತಗನ್ನಡಿಯಂಥ ಕನ್ನಡಕ. ಅಷ್ಟೆಲ್ಲ ಅನುಭವಿಸೋದಕ್ಕೆ ಮೊದಲಿದ್ದ ದೃಷ್ಟಿ ತೀರಾ ಕೆಟ್ಟಿರಬೇಕಿತ್ತು, ಇಲ್ಲದಿದ್ರೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಈಗ 3 ಮಿಲಿಮೀಟರ್‌ಗಿಂತ ಚಿಕ್ಕ ಗಾಯದಲ್ಲಿ ಒಳಗೆ ಹೋಗಿ, ಶ್ರವಣಾತೀತ (ಕಿವಿಗೆ ಕೇಳಿಸದಷ್ಟು ವೇಗದ) ಕಂಪನದಿಂದ ಲೆನ್ಸನ್ನ ಪುಡಿ ಮಾಡಿ ಹೀರಿ, ಲೆನ್ಸಿದ್ದ ಅದೇ ಚೀಲದೊಳಗೆ ಹೊಸ ಲೆನ್ಸ್ ಕೂರಿಸ್ತಾರೆ. ಈ ವಿಧಾನದಲ್ಲಿ ಲೆಕ್ಕ ಉಲ್ಟಾ: ಪೊರೆ ಕಲ್ಲಿನ ಹಾಗೆ ಗಟ್ಟಿಯಾದಷ್ಟೂ ಪುಡಿ ಮಾಡೋಕೆ ಹೆಚ್ಚು ಶಕ್ತಿ ಬೇಕು, ಕಾರ್ನಿಯಾಗೆ (ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ) ಹೆಚ್ಚು ಪೆಟ್ಟು.

ಇನ್ನು ಅಮ್ಮ ಕನ್ನಡಕ ಇಲ್ಲದೆ ಓದ್ತಿರೋ ವಿಷಯ. ಖುಷಿ ಹಾಳು ಮಾಡ್ತಿದ್ದೀನಿ, ಬೇಜಾರಾಗ್ಬೇಡಿ. ಅದು ಸುಧಾರಣೆ ಅಲ್ಲ, ಪೊರೆ ಮುಂದುವರಿದ ಗುರುತು. ಲೆನ್ಸಿನ ತಿರುಳು ಗಟ್ಟಿಯಾದಾಗ ಬೆಳಕನ್ನ ಹೆಚ್ಚು ಬಗ್ಗಿಸುತ್ತೆ, ಕಣ್ಣು ಸಮೀಪದೃಷ್ಟಿ ಕಡೆಗೆ ಜಾರುತ್ತೆ. ಹತ್ತಿರದ್ದು ಬರಿಗಣ್ಣಿಗೆ ಕಾಣುತ್ತೆ, ದೂರದ್ದು ಹೋಗುತ್ತೆ. ಕೆಲವು ಕಾಲ ಅಷ್ಟೇ, ಆಮೇಲೆ ಹತ್ತಿರದ್ದೂ ಮಸಕಾಗುತ್ತೆ.

ಗೊಂದಲಪುರ
ಅಯ್ಯೋ! ನಾವು ಬಂದವರಿಗೆಲ್ಲ ಹೇಳ್ಕೊಂಡು ತಿರುಗಿದ್ವಿ, ಅಮ್ಮನ ಕಣ್ಣು ವಾಪಸ್ ಹರೆಯಕ್ಕೆ ಬಂತು ಅಂತ.

ಹಸಿರು_ಬಳೆ
ನಮ್ಮತ್ತೆಗೂ ಹೀಗೇ ಆಗಿತ್ತು. ವರ್ಷದಲ್ಲಿ ಮೂರು ಸಲ ಕನ್ನಡಕದ ನಂಬರ್ ಬದಲಾಯ್ತು. ಮೂರನೇ ಸಲ ಕನ್ನಡಕದ ಅಂಗಡಿಯವರೇ "ಇನ್ನು ಕನ್ನಡಕದಲ್ಲಿ ಆಗೋದಲ್ಲಮ್ಮ, ಡಾಕ್ಟ್ರಿಗೆ ತೋರಿಸಿ" ಅಂತ ಕಳಿಸಿದ್ರು. ಪುಣ್ಯಾತ್ಮ, ವ್ಯಾಪಾರ ಬಿಟ್ಟು ಹೇಳಿದ.

ಅರ್ಧಸತ್ಯ
ಒಂದು ಅನುಮಾನ. ಎಲ್ಲರಿಗೂ "ಮಾಡಿಸಿ ಮಾಡಿಸಿ" ಅನ್ನೋದರ ಹಿಂದೆ ದುಡ್ಡಿನ ಲೆಕ್ಕ ಇಲ್ವಾ? 6/12 ಇರೋ ಕಣ್ಣಿಗೂ ಆಪರೇಷನ್ ಅಂದ್ರೆ ಏನರ್ಥ? 71ಕ್ಕೆ ಕಣ್ಣಲ್ಲಿ ಸ್ವಲ್ಪ ಪೊರೆ ಇಲ್ಲದವರು ಯಾರಿದ್ದಾರೆ? ಹಾಗಂತ ಎಲ್ಲರನ್ನೂ ಟೇಬಲ್ ಮೇಲೆ ಮಲಗಿಸ್ತೀರಾ?

ಕಣ್ಣಳತೆ
@ಅರ್ಧಸತ್ಯ ನಿಮ್ಮ ಹೆಸರಿಗೆ ತಕ್ಕ ಹಾಗೆ ಅರ್ಧ ಸರಿ. ಪೊರೆ ಇದೆ ಅನ್ನೋ ಒಂದೇ ಕಾರಣಕ್ಕೆ ಆಪರೇಷನ್ ಬೇಕಿಲ್ಲ. ಹಾಗೆಯೇ 6/12 ಇದೆ ಅನ್ನೋ ಒಂದೇ ಕಾರಣಕ್ಕೆ ಬೇಡ ಅಂತಲೂ ಅಲ್ಲ. 6/12 ಅಂದ್ರೆ ಸರಿ ಇರೋ ಕಣ್ಣು 12 ಮೀಟರ್ ದೂರದಿಂದ ಓದೋ ಅಕ್ಷರಾನ ಈ ಕಣ್ಣು 6 ಮೀಟರ್‌ಗೆ ಬಂದು ಓದುತ್ತೆ ಅಂತ. ಅದೂ ಕತ್ತಲೆ ಕೋಣೆ, ಬಿಳಿ ಬೋರ್ಡು, ಕಪ್ಪು ಅಕ್ಷರ. ಬದುಕು ಅಷ್ಟು ಸ್ಪಷ್ಟವಾಗಿ ಕಪ್ಪುಬಿಳುಪಲ್ಲಿ ಅಚ್ಚಾಗಿರಲ್ಲ. ಬೂದು ಬಣ್ಣದ ಮೆಟ್ಟಿಲು, ಅದರ ಮೇಲೆ ಬೂದು ನೆರಳು, ಎದುರಿಗೆ ಬಿಸಿಲು. ಬೋರ್ಡಿನಲ್ಲಿ ಪಾಸಾದವರು ಅಲ್ಲಿ ಮುಗ್ಗರಿಸ್ತಾರೆ.

ರಾತ್ರಿಪಾಳಿ
ಅದಕ್ಕೆ ನಾನೇ ಸಾಕ್ಷಿ ಗುರು. ವಯಸ್ಸು 44, ಗಾಡಿ ಓಡಿಸೋ ಕೆಲಸ, ಹೆಚ್ಚಾಗಿ ರಾತ್ರಿ. ಉಬ್ಬಸಕ್ಕೆ ವರ್ಷಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗಿದವನು. ಎದುರಿಂದ ಗಾಡಿ ಬಂದ್ರೆ ಹೆಡ್‌ಲೈಟು ಒಡೆದ ಗಾಜಿನ ಥರ ಚೂರು ಚೂರಾಗಿ ಹರಡೋದು, ಎರಡು ಸೆಕೆಂಡು ರಸ್ತೆನೇ ಮಾಯ. ಬೋರ್ಡು ಓದಿಸಿದ್ರು, 6/9. "ಕಣ್ಣು ಚೆನ್ನಾಗಿದೆ, ನಿದ್ದೆ ಸರಿಯಾಗಿ ಮಾಡಿ" ಅಂತ ಒಂದು ಕಡೆ ಕಳಿಸಿಬಿಟ್ರು. ನಾನೂ ಮೂರು ತಿಂಗಳು ನಿದ್ದೆ ಮೇಲೇ ತಪ್ಪು ಹಾಕ್ದೆ.

ಎರಡನೇ ಡಾಕ್ಟ್ರಮ್ಮ ಮಾತ್ರ ಪಕ್ಕದಿಂದ ಜೋರು ಲೈಟ್ ಬಿಟ್ಟು ಅದೇ ಬೋರ್ಡು ಮತ್ತೆ ಓದಿಸಿದ್ರು. ಮೇಲಿನ ಎರಡು ಸಾಲು ಬಿಟ್ರೆ ಏನೂ ಇಲ್ಲ. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ನೋಡಿದ್ರೆ ಲೆನ್ಸಿನ ಹಿಂಭಾಗದಲ್ಲಿ, ಸರೀ ಮಧ್ಯಕ್ಕೆ, ಪೊರೆ. ಸ್ಟಿರಾಯ್ಡಿಗೆ ಬರೋದು ಹೆಚ್ಚಾಗಿ ಇದೇ ಜಾತಿಯಂತೆ. ಬೆಳಕು ಜೋರಾದಾಗ ಪಾಪೆ ಕಿರಿದಾಗುತ್ತೆ, ಆಗ ನೋಡೋಕೆ ಉಳಿಯೋ ಕಿಂಡಿಗೆ ಸರಿಯಾಗಿ ಈ ಕಲೆ ಅಡ್ಡ. ಆಪರೇಷನ್ ಮಾಡಿಸ್ದೆ. ಈಗ ಮತ್ತೆ ರಾತ್ರಿಪಾಳಿ.

ಅರ್ಧಸತ್ಯ
ಸರಿ, ನಿಮ್ಮದು ಕೆಲಸದ ಪ್ರಶ್ನೆ. ಮನೇಲಿರೋ ವಯಸ್ಸಾದವರಿಗೆ?

ಸಂಜೆಮಲ್ಲಿಗೆ
ಮನೇಲಿರೋ ವಯಸ್ಸಾದವರು ಬೀಳ್ತಾರೆ ಸ್ವಾಮಿ. ಸೊಂಟ ಮುರಿದ ಮೇಲೆ ಕಣ್ಣು ತೋರಿಸಿದ್ವಿ ನಾವು. ಅಪ್ಪ ಒಂದು ಸಲವೂ "ಕಾಣ್ತಿಲ್ಲ" ಅಂದವರಲ್ಲ. ಕೊನೆ ಮೆಟ್ಟಿಲು ಮುಗೀತು ಅಂದ್ಕೊಂಡು ಕಾಲಿಟ್ರು, ಇನ್ನೊಂದಿತ್ತು.

ಹಸಿರು_ಬಳೆ
ಗೊಂದಲಪುರ ಅವರೇ, ಅಮ್ಮನಿಗೆ "ಕಾಣುತ್ತಾ?" ಅಂತ ಕೇಳಲೇಬೇಡಿ. ಎಲ್ಲರೂ ಕಾಣುತ್ತೆ ಅಂತಲೇ ಹೇಳೋದು. ಪೊರೆ ದಿನಕ್ಕೆ ಒಂದು ಎಳೆಯಷ್ಟು ಬರುತ್ತೆ, ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಯಾರಿಗೂ ಗೊತ್ತಾಗಲ್ಲ. ಏನೇನು *ಬಿಟ್ಟಿದ್ದಾರೆ* ಅಂತ ನೋಡಿ. ನಮ್ಮತ್ತೆ ಹೊಲಿಗೆ ಬಿಟ್ಟಿದ್ರು, "ಬೇಜಾರು" ಅಂತ ಕಾರಣ. ಸಂಜೆ ಮೇಲೆ ಹೊರಗೆ ಹೋಗೋದು ಬಿಟ್ಟಿದ್ರು, "ಕಾಲು ನೋವು" ಅಂತ ಕಾರಣ. ಎದುರು ಮನೆಯವರು ಕೈ ಬೀಸಿದ್ರೆ ಇವರು ಮಾತಾಡ್ತಿರಲಿಲ್ಲ, ಅತ್ತೆಗೆ ಜಂಬ ಅಂತ ಅವರಿಗೆ ಸಿಟ್ಟು. ಕಣ್ಣಿನ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ.

ಬಯಲುಗಾಳಿ
ನಮ್ಮ ಅವ್ವಂದೂ ಹಿಂಗ ಆಗಿತ್ರಿ. ಚಂದ್ರ ಎರಡೆರಡು ಕಾಣ್ತಾನ ಅಂತಿದ್ಲು. ನಾವು ನಕ್ಕು ಬಿಟ್ವಿ. ಒಂದು ಕಣ್ಣು ಮುಚ್ಚಿ ನೋಡಿದ್ರೂ ಎರಡ ಕಾಣ್ತಾವ ಅಂದಾಗ ಡಾಕ್ಟರ್ ಪೊರಿನ ಅದಕ್ಕ ಕಾರಣ ಅಂದ್ರು ನೋಡ್ರಿ.

ಕಣ್ಣಳತೆ
@ಬಯಲುಗಾಳಿ ಒಳ್ಳೇ ಮಾತು ತಂದ್ರಿ. ಒಂದೇ ಕಣ್ಣಲ್ಲಿ ನೋಡಿದಾಗಲೂ ಎರಡು ಕಂಡ್ರೆ ಪೊರೆ ಒಂದು ಕಾರಣ ಆಗಬಹುದು. ಎರಡೂ ಕಣ್ಣು ತೆರೆದಾಗ ಮಾತ್ರ ಎರಡು ಕಂಡು, ಒಂದು ಮುಚ್ಚಿದ್ರೆ ಸರಿಹೋದ್ರೆ ಅದು ಬೇರೆ ಕಥೆ, ಕಣ್ಣಿನ ಸ್ನಾಯು ಅಥವಾ ನರದ ಕಡೆ ನೋಡ್ಬೇಕು. ಅದು ದಿಢೀರ್ ಶುರುವಾದ್ರಂತೂ ಕಾಯಲೇಬಾರದು.

ಸೋಡಾಬುಡ್ಡಿ
ನನ್ನದು ಎರಡೂ ಕಣ್ಣು ಮೈನಸ್ 12. ಹೆಸರು ನೋಡಿದ್ರೇ ಗೊತ್ತಾಗುತ್ತಲ್ಲ. ಪೊರೆ ಜಾಸ್ತಿ ಇದ್ದದ್ದು ಎಡಗಣ್ಣಲ್ಲಿ, ಅದನ್ನ ತೆಗೆಸಿದೆ. ಕಣ್ಣು ಫಸ್ಟ್ ಕ್ಲಾಸ್. ಆದ್ರೆ ತಲೆ ತಿರುಗೋಕೆ ಶುರು! ಎಡಗಣ್ಣಿಗೆ ದೂರಕ್ಕೆ ಸಣ್ಣ ನಂಬರ್ ಸಾಕು, ಬಲಗಣ್ಣಿಗೆ ಮೈನಸ್ 12. ಆ ಕನ್ನಡಕ ಹಾಕಿದ್ರೆ ಒಂದು ಕಣ್ಣಿಗೆ ಲೋಕ ದೊಡ್ಡದು, ಇನ್ನೊಂದಕ್ಕೆ ಚಿಕ್ಕದು, ಮಿದುಳು ಎರಡನ್ನೂ ಹೊಂದಿಸೋಕೆ ಒಪ್ಪಲ್ಲ. ಅದಕ್ಕೇ ಬಲಗಣ್ಣಲ್ಲಿ ಪೊರೆ ಅಷ್ಟಕ್ಕಷ್ಟೇ ಇದ್ರೂ ಸ್ವಲ್ಪ ದಿನದಲ್ಲೇ ಅದನ್ನೂ ಮಾಡಿದ್ರು. ಎರಡನೇ ಕಣ್ಣಿಗೆ ಪೊರೆಯೊಂದೇ ಕಾರಣ ಆಗಬೇಕಿಲ್ಲ ಅಂತ ಹೇಳೋಕೆ ಬರೆದೆ.

ನನ್ನಂಥ ದೊಡ್ಡ ಮೈನಸ್‌ನವರು ಒಂದು ನೆನಪಿಡಿ. ಈ ಆಪರೇಷನ್ ಆದ ಮೇಲೆ ರೆಟಿನಾ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸೋ ಪದರ) ಕಳಚೋ ಅಪಾಯ ಬೇರೆಯವರಿಗಿಂತ ನಮಗೆ ಹೆಚ್ಚು. ಮೊದಲೇ ರೆಟಿನಾದ ಅಂಚಿನವರೆಗೆ ಪರೀಕ್ಷೆ ಮಾಡಿಸ್ಕೊಳ್ಳಿ.

ನಿವೃತ್ತ_ಮೇಷ್ಟ್ರು
ಎಲ್ಲ ಓದಿದೆ. ಕಾಲ ಬದಲಾಗಿದೆ, ಒಪ್ಪಿದೆ. ಆದರೂ ಒಂದು ಕೇಳುತ್ತೇನೆ. ಬಲಿಯುವವರೆಗೆ ಕಾಯುವುದರಿಂದ ನಷ್ಟವೇನು? ಇವತ್ತಲ್ಲದಿದ್ದರೆ ನಾಳೆ ತೆಗೆಯಬಹುದಲ್ಲ? ಕಣ್ಣೇನು ಓಡಿಹೋಗುತ್ತದೆಯೇ?

ಕಣ್ಣಳತೆ
ಹೆಚ್ಚಿನವರಿಗೆ ಕೆಲವು ತಿಂಗಳು ಕಾದರೆ ಏನೂ ಆಗಲ್ಲ ಮೇಷ್ಟ್ರೇ, ಅಲ್ಲಿಗೆ ನಿಮ್ಮ ಮಾತು ನಿಜ. ಗೊಂದಲಪುರ ಅವರ ಎರಡನೇ ಡಾಕ್ಟ್ರು ಹೇಳಿದ್ದೂ ಅದನ್ನೇ. ಆದ್ರೆ ಪೂರ್ತಿ ಬೆಳ್ಳಗಾಗಲಿ ಅಂತ ಬಿಟ್ರೆ ಎರಡು ಥರ ಕೆಡಬಹುದು. ಲೆನ್ಸ್ ನೀರು ಹೀರಿ ಊದ್ಕೊಂಡು, ಕಣ್ಣೊಳಗಿನ ದ್ರವ ಹೊರಹೋಗೋ ಮೂಲೆಯನ್ನ ಮುಚ್ಚಿಬಿಡಬಹುದು. ಇಲ್ಲಾ ಅತಿಯಾಗಿ ಬಲಿತು ಕರಗಿ, ಅದರ ಪ್ರೋಟೀನ್ ಸೋರಿ ಅದೇ ದಾರಿಯಲ್ಲಿ ಕಟ್ಕೋಬಹುದು. ಎರಡರಲ್ಲೂ ಕಣ್ಣಿನ ಒತ್ತಡ ಏರುತ್ತೆ. ಕಣ್ಣು ಕೆಂಪು, ತಡೆಯಲಾರದ ನೋವು, ತಲೆನೋವು, ವಾಂತಿ. ಆಗ ನರ ಹೋದ್ರೆ ಪೊರೆ ತೆಗೆದ್ರೂ ದೃಷ್ಟಿ ವಾಪಸ್ ಬರಲ್ಲ. ಎಲ್ಲರಿಗೂ ಆಗಲ್ಲ, ಆದವರಿಗೆ ಕೈಯಲ್ಲಿ ಸಮಯ ಇರಲ್ಲ.

ಸಕ್ಕರೆ ಕಾಯಿಲೆ ಇರೋರಿಗೆ ಇನ್ನೊಂದು ಕಾರಣ ಇದೆ. ಪೊರೆ ದಟ್ಟವಾದ್ರೆ ಡಾಕ್ಟ್ರಿಗೆ ಹಿಂದಿನ ರೆಟಿನಾ ಕಾಣಲ್ಲ. ಅಲ್ಲಿ ಆಗ್ತಿರೋ ಹಾನಿ ನೋಡೋಕೂ ಆಗಲ್ಲ, ಲೇಸರ್ ಕೊಡೋಕೂ ಆಗಲ್ಲ. ಅಂಥ ಕಡೆ, ರೋಗಿಗೆ ಕಷ್ಟ ಅನ್ನಿಸದಿದ್ರೂ ಪೊರೆ ತೆಗೀರಿ ಅಂತಾರೆ. ಬಹುಶಃ ಮೊದಲ ಡಾಕ್ಟ್ರ ತಲೆಯಲ್ಲಿ ಇದಿತ್ತೇನೋ. ಕೇಳಿ ನೋಡಿ.

ತರ್ಲೆ_ತಿಮ್ಮ
ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯುಸ್ಸು ಅಂತ ಮೇಷ್ಟ್ರ ಲೆಕ್ಕ. ಇಲ್ಲಿ ದೊಣ್ಣೆ ಸುತ್ತಿ ವಾಪಸ್ ಬರುತ್ತೆ ಸಾರ್.

ಮುಂಜಾವು
ಲೇಸರ್‌ನಲ್ಲಿ ಐದು ನಿಮಿಷಕ್ಕೆ ಸುಟ್ಟು ತೆಗೀತಾರಂತಲ್ಲ? ಇಲ್ಲಾಂದ್ರೆ ಪೊರೆ ಕರಗಿಸೋ ಡ್ರಾಪ್ಸ್ ಬಂದಿದೆ ಅಂತ ನನಗೊಂದು ವಿಡಿಯೋ ಬಂತು. ಅದನ್ನ ಒಂದು ಸಲ ಟ್ರೈ ಮಾಡಬಹುದಲ್ವಾ?

ಕಣ್ಣಳತೆ
ಡ್ರಾಪ್ಸ್: ಪೊರೆ ಕರಗಿಸುತ್ತೆ ಅಂತ ಸಾಬೀತಾದ ಡ್ರಾಪ್ಸ್ ಒಂದೂ ಇಲ್ಲ. ವಿಡಿಯೋ ಅಳಿಸಿ.

ಲೇಸರ್: ಜನ ಸಾಮಾನ್ಯವಾಗಿ ಲೇಸರ್ ಅನ್ನೋದು ಆ ಶ್ರವಣಾತೀತ ಕಂಪನದ ವಿಧಾನಕ್ಕೇ. ಕೆಲವು ಕಡೆ ಗಾಯ ಮಾಡೋದು, ಚೀಲದ ಬಾಯಿ ತೆರೆಯೋದು ಇಂಥ ಹಂತಗಳಿಗೆ ಲೇಸರ್ ಬಳಸ್ತಾರೆ, ನಿಜ. ಆದ್ರೂ ಪೊರೆಯ ಚೂರುಗಳನ್ನ ಹೀರಿ ತೆಗೀಲೇಬೇಕು.

ಹಸಿರು_ಬಳೆ
ನಮ್ಮತ್ತೆಗೆ ಆಪರೇಷನ್ ಆಗಿ ಎರಡು ವರ್ಷದ ಮೇಲೆ ಮತ್ತೆ ಮಸಕಾಯ್ತು. ಪೊರೆ ವಾಪಸ್ ಬಂತು ಅಂತ ನಾವು ಹೆದರಿದ್ರೆ, ಹೊಸ ಲೆನ್ಸ್ ಕೂರಿಸಿದ ಚೀಲದ ಹಿಂಗೋಡೆ ಮಂಜಾಗಿದೆ ಅಂದ್ರು. ಆಗ ಮಾಡಿದ್ದು ನಿಜವಾದ ಲೇಸರ್. ಕೂತಲ್ಲೇ ಕೆಲವು ನಿಮಿಷ, ಗಾಯವೂ ಇಲ್ಲ.

ಅರ್ಧಸತ್ಯ
ವಿಷಯ ಬಿಟ್ಟು ಒಂದು ಮಾತು. ಕಣ್ಣೊಳಗೆ ಪ್ಲಾಸ್ಟಿಕ್ ಇಡಬಹುದು ಅಂತ ಮನುಷ್ಯನಿಗೆ ಹೊಳೆದಿದ್ದೇ ಆಶ್ಚರ್ಯ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಮೇಲ್ಛಾವಣಿ ಒಡೆದು ಪೈಲಟ್‌ಗಳ ಕಣ್ಣಿಗೆ ಚೂರು ಹೊಕ್ಕಿತ್ತು. ಆ ಚೂರುಗಳಿಂದ ಕಣ್ಣು ಕೆರಳಲಿಲ್ಲ ಅನ್ನೋದನ್ನ ಲಂಡನ್ನಿನ ಹೆರಾಲ್ಡ್ ರಿಡ್ಲಿ ಗಮನಿಸಿದ. ಅದೇ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಲೆನ್ಸ್ ಮಾಡಿಸಿ 1949ರಲ್ಲಿ ಕಣ್ಣೊಳಗಿಟ್ಟ. ದೊಡ್ಡ ದೊಡ್ಡ ಡಾಕ್ಟ್ರುಗಳೇ ಬೈದ್ರು. ಲೆನ್ಸ್ ಪುಡಿ ಮಾಡಿ ಹೀರೋ ವಿಧಾನ ತಂದಿದ್ದು ಅಮೆರಿಕದ ಚಾರ್ಲ್ಸ್ ಕೆಲ್ಮನ್, 1967ರಲ್ಲಿ. ಹಲ್ಲು ಕ್ಲೀನ್ ಮಾಡಿಸೋಕೆ ಹೋದಾಗ ಆ ಕಂಪಿಸೋ ಉಪಕರಣ ನೋಡಿ ಹೊಳೀತಂತೆ.

ತರ್ಲೆ_ತಿಮ್ಮ
ನಾನೂ ಹಲ್ಲು ಕ್ಲೀನ್ ಮಾಡಿಸ್ದೆ. ಬಿಲ್ ನೋಡಿ ನನಗೆ ಬೇರೇನೋ ಹೊಳೀತು.

ಸೋಡಾಬುಡ್ಡಿ
ಬಣ್ಣದ ವಿಷಯ ಯಾರೂ ಎತ್ತಲೇ ಇಲ್ಲ. ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಎರಡು ಕಣ್ಣೂ ಒಂದೊಂದಾಗಿ ಮುಚ್ಚಿ ಗೋಡೆ ನೋಡಿದೆ. ಹೊಸ ಕಣ್ಣಿಗೆ ಬಿಳಿ, ಹಳೇ ಕಣ್ಣಿಗೆ ಟೀ ಚೆಲ್ಲಿದ ಕಾಗದ. ಇಷ್ಟು ವರ್ಷ ನೀಲಿ ಅಂತ ನೋಡಿದ್ದು ನೀಲಿನೇ ಅಲ್ಲ! ಚಿತ್ರಕಾರ ಕ್ಲಾಡ್ ಮೊನೆಗೂ ಪೊರೆ ಇತ್ತು. ಬಣ್ಣ ಕೆಟ್ಟು ಕಾಣೋಕೆ ಶುರುವಾದ್ರೂ ವರ್ಷಾನುಗಟ್ಟಲೆ ಹಿಂಜರಿದು 1923ರಲ್ಲಿ ಬಲಗಣ್ಣಿಗೆ ಮಾತ್ರ ಮಾಡಿಸ್ಕೊಂಡ. ನಾನೂ ನಾಲ್ಕು ವರ್ಷ ಹಿಂಜರಿದವನೇ, ಅವನ ಥರ ಚಿತ್ರ ಬರೀಲಿಲ್ಲ ಅಷ್ಟೇ.

ಹಸಿರು_ಬಳೆ
ಅತ್ತೆ ಕನ್ನಡಿ ನೋಡ್ಕೊಂಡು "ಇಷ್ಟು ಸುಕ್ಕು ಯಾವಾಗ ಬಂತೇ?" ಅಂದ್ರು. ಆಮೇಲೆ ಮನೆ ಮೂಲೆಗಳ ಧೂಳು ಕಾಣಿಸ್ತು. ಅದರ ಕಷ್ಟ ನನಗೆ ಬಂತು.

ಸಂಜೆಮಲ್ಲಿಗೆ
ನಗು ಸಾಕು, ಒಂದು ಮುಖ್ಯ ವಿಷಯ ಹೇಳ್ತೀನಿ. ನಮ್ಮ ಚಿಕ್ಕಪ್ಪನಿಗೂ ಪೊರೆ ಇತ್ತು, ಎಲ್ಲರಿಗೂ ಗೊತ್ತಿತ್ತು. ಒಂದಿನ ಕಣ್ಣಲ್ಲಿ ಮಿಂಚು ಹೊಡೆದ ಹಾಗಾಯ್ತು, ಕಪ್ಪು ಚುಕ್ಕಿಗಳ ಮಳೆ. ಎರಡು ದಿನದಲ್ಲಿ ಪಕ್ಕದಿಂದ ಪರದೆ ಇಳಿದ ಹಾಗೆ ಕತ್ತಲೆ. "ಪೊರೆ ಜಾಸ್ತಿಯಾಗಿರಬೇಕು, ಹೇಗೂ ಮುಂದಿನ ತಿಂಗಳು ತೋರಿಸೋದಿದೆ" ಅಂತ ಮನೆಯವರು ಕೂತ್ರು. ರೆಟಿನಾ ಕಳಚಿತ್ತು. ಆ ಕಣ್ಣು ಪೂರ್ತಿ ಬರಲೇ ಇಲ್ಲ. ಪೊರೆ ಹೀಗೆ ಎರಡು ದಿನದಲ್ಲಿ ಬರಲ್ಲ. ದಿಢೀರ್ ಆಗಿದ್ದು ಯಾವುದೂ ಪೊರೆ ಅಂತ ಸುಮ್ಮನಿರಬೇಡಿ, ಅದೇ ದಿನ ಓಡಿ.

ರಾತ್ರಿಪಾಳಿ
+1. ಆಪರೇಷನ್ ಆದ ಮೇಲೂ ಅಷ್ಟೇ. ಮೊದಲ ದಿನ ಚುರುಚುರು ಅನ್ನುತ್ತೆ, ಕಮ್ಮಿ ಆಗ್ತಾ ಹೋಗ್ಬೇಕು. ಕಮ್ಮಿಯಾದ ನೋವು ಮತ್ತೆ ಏರಿದ್ರೆ, ಕೆಂಪು ಜಾಸ್ತಿಯಾದ್ರೆ, ಬಂದ ದೃಷ್ಟಿ ಇಳಿದ್ರೆ ಬೆಳಗಾಗಲಿ ಅಂತ ಕಾಯಬೇಡಿ ಅಂತ ನನಗೆ ಚೀಟಿಯಲ್ಲೇ ದೊಡ್ಡದಾಗಿ ಬರೆದು ಕೊಟ್ಟಿದ್ರು. ಒಳಗೆ ಸೋಂಕಾಗೋದು ಅಪರೂಪ, ಆದ್ರೆ ಗಂಟೆಗಳ ಲೆಕ್ಕ.

ಕಣ್ಣಳತೆ
ಡಾಕ್ಟ್ರ ಹತ್ರ ಹೋಗೋವಾಗ ತಗೊಳ್ಳೋ ಮಾತ್ರೆಗಳ ಪಟ್ಟಿ ಒಯ್ಯಿರಿ. ಮುಖ್ಯವಾಗಿ ಗಂಡಸರು. ಪ್ರಾಸ್ಟೇಟ್ ತೊಂದರೆಗೆ, ಮೂತ್ರ ಸಲೀಸಾಗಲಿ ಅಂತ ಕೊಡೋ ಟ್ಯಾಮ್ಸುಲೋಸಿನ್ ಮಾತ್ರೆ ತಗೊಳ್ಳೋರಲ್ಲಿ ಆಪರೇಷನ್ ಮಧ್ಯೆ ಕಣ್ಣಿನ ಬಣ್ಣದ ಪದರ ಸಡಿಲವಾಗಿ ಅಲುಗಾಡಬಹುದು, ಪಾಪೆ ಕಿರಿದಾಗಬಹುದು. ಮೊದಲೇ ಗೊತ್ತಿದ್ರೆ ಅದಕ್ಕೆ ತಯಾರಿ ಇದೆ. ಕಣ್ಣಿಗೂ ಮೂತ್ರಕ್ಕೂ ಏನು ಸಂಬಂಧ ಅಂತ ಜನ ಹೇಳೋದೇ ಇಲ್ಲ.

ಗೊಂದಲಪುರ
ಹತ್ತು ದಿನ ಆದ ಮೇಲೆ ಬರೀತಿದ್ದೀನಿ. ಹಸಿರು ಬಳೆ ಅಕ್ಕ ಹೇಳಿದ ಹಾಗೆ ಏನೂ ಕೇಳದೆ ಸುಮ್ಮನೆ ನೋಡ್ದೆ.

ಅಮ್ಮ ಪೇಪರ್ ಓದ್ತಾರೆ, ನಿಜ. ಕಿಟಕಿಗೆ ಬೆನ್ನು ಹಾಕಿ, ಪೇಪರನ್ನ ಮೂಗಿನ ಹತ್ರ ಹಿಡಿದು. ಟೀವಿ *ಕೇಳ್ತಾರೆ*, ನೋಡಲ್ಲ. ಮೆಟ್ಟಿಲಿಳಿಯೋವಾಗ ಮೊದಲು ಪಾದದಿಂದ ತಡವಿ ಆಮೇಲೆ ಭಾರ ಹಾಕ್ತಾರೆ. ಫೋನಲ್ಲಿ ಯಾರ ಕರೆ ಅಂತ ನೋಡದೇ ಎತ್ತಿ, ದನಿ ಮೇಲೆ ಗುರುತು ಹಿಡೀತಾರೆ. ಬೆಳಗಿನ ಮಾತ್ರೆಗೆ ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದಾರೆ, ರಾತ್ರಿಯದ್ದಕ್ಕೆ ಇಲ್ಲ. ಯಾಕಮ್ಮ ಅಂದ್ರೆ "ಸುಮ್ನೆ, ಅಭ್ಯಾಸ". ಒಂದೇ ಮನೆಯಲ್ಲಿದ್ದು ನನಗೆ ಇದ್ಯಾವುದೂ ಕಂಡಿರಲಿಲ್ಲ.

ಎರಡನೇ ಡಾಕ್ಟ್ರ ಹತ್ರ ಮತ್ತೆ ಹೋಗಿ ಇದನ್ನೆಲ್ಲ ಹೇಳಿದೆ. ಅವರು ನನ್ನ ಮಾತು ಕೇಳಿ, ಅಮ್ಮನ ಕಡೆ ತಿರುಗಿ, "ನಿಮಗೆ ಏನು ಮಾಡೋಕೆ ಆಗ್ಬೇಕು ಅನ್ಸುತ್ತೆ?" ಅಂದ್ರು. ಅಮ್ಮ ತುಂಬಾ ಹೊತ್ತು ಸುಮ್ಮನಿದ್ದು "ಸೂಜಿಗೆ ದಾರ ಪೋಣಿಸ್ಬೇಕು" ಅಂದ್ರು. ರೆಟಿನಾ ನೋಡಿದ್ರು, ಸದ್ಯಕ್ಕೆ ತೊಂದರೆ ಇಲ್ಲ. ಬಲಗಣ್ಣು ಮೊದಲು, ಎಡಗಣ್ಣಿನದು ಆಮೇಲೆ ನೋಡೋಣ ಅಂತ ಆಯ್ತು.

ಒಂದೇ ಜಗಳ ಉಳಿದಿರೋದು. ದೂರದ್ದು ಚೆನ್ನಾಗಿ ಕಾಣೋ ಲೆನ್ಸ್ ಹಾಕಿಸೋಣ ಅಂತ ನಾನು. ಅಮ್ಮ, "ಆರು ತಿಂಗಳಿಂದ ಕನ್ನಡಕ ಇಲ್ಲದೇ ಓದ್ತಿದ್ದೀನಿ, ಅದನ್ನ ಬಿಡಲ್ಲ. ದೂರಕ್ಕೆ ಬೇಕಾದ್ರೆ ಕನ್ನಡಕ ಹಾಕ್ಕೋತೀನಿ" ಅಂತ. ಹಾಗೂ ಮಾಡಬಹುದಾ?

ಸೋಡಾಬುಡ್ಡಿ
ಮಾಡಬಹುದು. ನಾನು ಮಾಡಿಸಿದ್ದೂ ಹತ್ತಿರದ ಲೆಕ್ಕಕ್ಕೇ. ಎಷ್ಟು ದೂರಕ್ಕೆ ಓದ್ತಾರೆ ಅಂತ ಅಳೆದು ಅದಕ್ಕೆ ತಕ್ಕ ಪವರ್ ಆರಿಸ್ತಾರೆ. ಎಡಗಣ್ಣಿನ ಜೊತೆ ಹೊಂದುತ್ತಾ ಅಂತ ಮಾತ್ರ ಮೊದಲೇ ಕೇಳಿ. ಅಮ್ಮನ ಕಣ್ಣು, ಅಮ್ಮನ ಲೆನ್ಸ್. ನೀವು ಸೋತ್ರಿ ಅಂದ್ಕೊಳ್ಳಿ.

ನಿವೃತ್ತ_ಮೇಷ್ಟ್ರು
ಸಂತೋಷ. ತಾಯಿಯವರಿಗೆ ಶುಭವಾಗಲಿ.

@ಕಣ್ಣಳತೆ ಅವರೇ, ಒಂದು ಸಣ್ಣ ಪ್ರಶ್ನೆ. ಮೇಲೆ ಟ್ಯಾಮ್ಸುಲೋಸಿನ್ ಎಂದಿರಲ್ಲ, ಅದನ್ನು ಎಷ್ಟು ದಿನ ಮುಂಚೆ ನಿಲ್ಲಿಸಬೇಕು? ಪರಿಚಯದವರೊಬ್ಬರಿಗೆ ಬೇಕಿತ್ತು.

ತರ್ಲೆ_ತಿಮ್ಮ
ಆ ಪರಿಚಯದವರಿಗೆ ವಯಸ್ಸೆಷ್ಟು ಮೇಷ್ಟ್ರೇ, ಏನು ಪಾಠ ಮಾಡ್ತಿದ್ರು?

ನಿವೃತ್ತ_ಮೇಷ್ಟ್ರು
ಗಣಿತ. ಸುಮ್ಮನಿರಪ್ಪ.

ಕಣ್ಣಳತೆ
ತಾವಾಗಿ ನಿಲ್ಲಿಸೋದು ಬೇಡ ಅನ್ನಿ. ನಿಲ್ಲಿಸಿದ್ರೂ ಅದರ ಪರಿಣಾಮ ಕಣ್ಣಲ್ಲಿ ಉಳಿದಿರಬಹುದು, ಮೂತ್ರದ ತೊಂದರೆ ಮಾತ್ರ ಹೆಚ್ಚಾಗುತ್ತೆ. ಹಿಂದೆ ತಗೊಂಡು ಬಿಟ್ಟಿದ್ರೂ ಸರಿ, ಈಗ ತಗೋತಿದ್ರೂ ಸರಿ, ಆಪರೇಷನ್ ಮಾಡೋ ಡಾಕ್ಟ್ರಿಗೆ ಹೇಳ್ಬೇಕು. ಅವರ ಒಂದು ಕಣ್ಣು ಮುಚ್ಚಿಸಿ ಇನ್ನೊಂದರಲ್ಲಿ ಓದಿಸಿ ನೋಡಿದ್ದೀರಾ?

ನಿವೃತ್ತ_ಮೇಷ್ಟ್ರು
ಈಗ ನೋಡಿದೆ. ಸೋಮವಾರಕ್ಕೆ ಹೆಸರು ಬರೆಸುತ್ತೇನೆ.